ಗಂಜಿತಿಳಿ ಬಣ್ಣದ ಕೋಣೆ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಬುಡದವರೆಗೆ ಕತ್ತರಿಸಿರುತ್ತಿತ್ತು. ಔಷಧಿ ಸೋಪಿನಲ್ಲಿ ತೊಳೆದು ತೊಳೆದು ಬೆರಳ ತುದಿ ಬಿಳಿಚಿಕೊಂಡು, ನೆನೆಹಾಕಿದ ಕಡಲೆಯ ಸಿಪ್ಪೆಯ ಹಾಗೆ ಸುಕ್ಕಾಗಿತ್ತು. ಯಾವ ಹೆಂಗಸು ಎದುರಿಗೆ ಸಿಕ್ಕರೂ ಮಾತಿಗಿಂತ ಮೊದಲು ಆ ಹೆಬ್ಬೆರಳು ಅವಳ ಕಣ್ಣಿನ ಕೆಳರೆಪ್ಪೆಗೆ ಹೋಗುತ್ತಿತ್ತು. ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆಗೆ ತಿರುಗಿಸುವುದು, ರೆಪ್ಪೆಯನ್ನು ಕೆಳಗೆ ಎಳೆಯುವುದು, ಒಳಗಿನ ಬಣ್ಣ ನೋಡುವುದು. ಕೆಂಪಗಿದ್ದರೆ ಸುಮ್ಮನೆ ಬಿಡುತ್ತಿದ್ದರು. ಬಿಳಿಚಿದ್ದರೆ ಅಲ್ಲಿಯೇ ಬೈಗುಳ.

"ಹರಿವೆ ಸೊಪ್ಪ್ ತಿನ್ ಹೆಣೆ. ಮೈಯಂಗೆ ರಕ್ತ ಇಲ್ಲೆ, ಪೌಡರ್ ಎಂತಕೆ?"

ಒಂದು ಮದುವೆಯಲ್ಲಿ ಕಾಲಿಗೆರಗಿದ ಮದುಮಗಳನ್ನು ಎತ್ತಿ ನಿಲ್ಲಿಸಿ ಆಶೀರ್ವಾದಕ್ಕೆ ಮೊದಲು ಕಣ್ಣು ನೋಡಿದ್ದನ್ನು ನಾನೇ ಕಂಡಿದ್ದೇನೆ. ಗಂಡಿನ ತಾಯಿಗೆ ಸಿಟ್ಟು ಬಂತು. "ನರ್ಸಮ್ಮ, ಇದ್ ಮದಿ ಮನಿ. ನಿಮ್ಮ ಆಸ್ಪತ್ರಿ ಅಲ್ಲ" ಎಂದರು.

"ಒಂದ್ ವರ್ಷ ತಡೀನಿ, ಅಲ್ಲಿಗೇ ಕರ್ಕಂಡ್ ಬತ್ರಿ" ಎಂದು ಇವರು ಅಕ್ಷತೆ ಹಾಕಿದರು.

ಬಾರ್ಕೂರಿನ ಸುತ್ತ ಎಲ್ಲರಿಗೂ ಅವರು ನರ್ಸಮ್ಮ. ಹೆಸರು ನನಗೆ ಗೊತ್ತಿದೆ, ಬರೆಯುವುದಿಲ್ಲ. ನಾನಾಗ ಮಂಗಳೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಕಷ್ಟದ ಅವಳಿ ಹೆರಿಗೆಯೊಂದನ್ನು ಅವರು ಮಾಡಿಸಿದಾಗ ಹೆಸರು ಹಾಕಿ ನಾಲ್ಕು ಸಾಲು ಬರೆಯಲೇ ಎಂದು ಕೇಳಿದೆ. "ಹೆತ್ತವ್ಳ್ ನಾನಾ? ಅವ್ಳ ಹೆಸ್ರ್ ಹಾಕಿ" ಎಂದರು. ಆ ಮಾತನ್ನು ಈಗಲೂ ಪಾಲಿಸುತ್ತಿದ್ದೇನೆ.

ಸರಕಾರಿ ಹೆರಿಗೆ ಕೇಂದ್ರಕ್ಕೆ ಅವರು ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಅವರ ತವರು ಗುಲ್ವಾಡಿಯಲ್ಲಿ, ಹೊಳೆಯ ದಡದಲ್ಲಿ. ಅಣ್ಣ ದೇವಸ್ಥಾನದ ಪೂಜೆ ಮಾಡುವವರು. ಇವರು ಸಣ್ಣ ಪ್ರಾಯದಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿ, ಕೆಲವು ವರ್ಷ ಅಡುಗೆಮನೆಯಲ್ಲಿ ಕಳೆದು, ಒಂದು ದಿನ ಯಾರಿಗೂ ಹೇಳದೆ ಮಂಗಳೂರಿಗೆ ಹೋಗಿ ಸೂಲಗಿತ್ತಿ ತರಬೇತಿಗೆ ಸೇರಿದರು. ಊರವರ ರಕ್ತ, ಊರವರ ಮೈಲಿಗೆ ಮುಟ್ಟುವ ಕೆಲಸ. ಅಣ್ಣ ಜಗಳವಾಡಲಿಲ್ಲ. ಇವರ ಕೈಯ ನೀರು ಕುಡಿಯುವುದನ್ನು ಬಿಟ್ಟರು, ಅಷ್ಟೇ. ವರ್ಷಕ್ಕೊಮ್ಮೆ ತಂದೆಯ ಶ್ರಾದ್ಧಕ್ಕೆ ಇವರು ಗುಲ್ವಾಡಿಗೆ ಹೋಗುತ್ತಿದ್ದರು. ಇವರಿಗೆ ಅಂಗಳದ ತುದಿಯಲ್ಲಿ ಬಾಳೆಲೆ ಹಾಕುತ್ತಿದ್ದರಂತೆ. ಅಲ್ಲಿ ಕೂತು ಉಂಡು, ಎಲೆ ಎತ್ತಿ, ಸೆಗಣಿ ಹಾಕಿ ಒರೆಸಿ, ಸಂಜೆಯ ಬಸ್ಸಿಗೆ ಬಾರ್ಕೂರಿಗೆ ಮರಳುತ್ತಿದ್ದರು. ಇದನ್ನು ಅವರು ಹೇಳಿದ್ದು ದೂರಿನ ಧಾಟಿಯಲ್ಲಿ ಅಲ್ಲ. "ಅಂಗಳದಂಗೆ ಗಾಳಿ ಲಾಯ್ಕ್ ಬತ್ತ್" ಎಂದಿದ್ದರು.

ನಮ್ಮ ಹಿತ್ತಲಿನ ಬೇಲಿಯಾಚೆ ಒಂದು ದಿಬ್ಬವಿತ್ತು. ಅರವತ್ತರ ದಶಕದ ನಡುವೆ ಅವರು ಅಲ್ಲಿ ಮನೆ ಕಟ್ಟಿಸಿದರು. ಕೆಂಪುಕಲ್ಲಿನ ಗೋಡೆ, ಸುಣ್ಣದ ಗಾರೆ, ಹಂಚಿನ ಮಾಡು. ಎದುರಿಗೆ ಉದ್ದ ಜಗಲಿ. ಒಳಗೆ ಪೂರ್ವಕ್ಕೆ ಕಿಟಕಿಯಿದ್ದ ಒಂದು ಕೋಣೆ ಅವರದು. ಪಶ್ಚಿಮಕ್ಕೆ ಕಿಟಕಿಯಿದ್ದ ದೊಡ್ಡ ಕೋಣೆ ಹೆರಿಗೆಯವರಿಗೆ. ಕೇಂದ್ರದಲ್ಲಿ ಮಂಚ ಸಾಲದೆ ಹಿಂದೆ ಹೋಗುವವರು ಬಹಳ ಮಂದಿ. ಆಸ್ಪತ್ರೆ ಎಂದರೆ ಹೆಣ ಬರುವ ಜಾಗ ಎಂದು ಹೆದರಿ ಬರದೇ ಇರುವವರು ಇನ್ನೂ ಹೆಚ್ಚು. ಅಂಥವರು ತನ್ನ ಮನೆಗೆ ಬರಲಿ ಎಂಬುದು ಅವರ ಆಸೆ.

ಆಸೆಯ ಇನ್ನೊಂದು ಭಾಗವನ್ನು ಅವರು ನನ್ನ ಹೆಂಡತಿಗೆ ಹೇಳಿದ್ದರು. ಗುಲ್ವಾಡಿಯ ಅಣ್ಣನ ಮಗಳು ಮೊದಲ ಹೆರಿಗೆಗೆ ತವರಿಗೆ ಬಂದವಳು, ಹಿಂದಿನ ಕತ್ತಲೆ ಕೋಣೆಯಲ್ಲಿ ಕಿಟಕಿ ಮುಚ್ಚಿದ ಹೊಗೆಯೊಳಗೆ ಹೆತ್ತಿದ್ದಳು. ಮಗು ಉಳಿದಿರಲಿಲ್ಲ. ಅವಳು ಮುಂದಿನ ಹೆರಿಗೆಗೆ ತನ್ನಲ್ಲಿಗೆ ಬರಬೇಕು. ಅಣ್ಣ ಕಳಿಸಬೇಕು. ಕಳಿಸಬೇಕಾದರೆ ಇದು ಆಸ್ಪತ್ರೆಯಂತೆ ಕಾಣಬಾರದು, ಮನೆಯಂತೆ ಕಾಣಬೇಕು.

ಹಾಗಾಗಿ ಗೋಡೆಯ ಬಣ್ಣ ಅವರಿಗೆ ದೊಡ್ಡ ವಿಷಯವಾಯಿತು. ಕಲ್ಲು, ಮರ, ಹಂಚು ಎಲ್ಲದಕ್ಕೂ ಮೇಸ್ತ್ರಿ ಹೇಳಿದ್ದಕ್ಕೆ ಹೂಂ ಎಂದವರು ಬಣ್ಣದಲ್ಲಿ ಯಾರ ಮಾತನ್ನೂ ಕೇಳಲಿಲ್ಲ.

ಬಣ್ಣ ಬಳಿಯಲು ಬಂದವನು ಬೊಂಬಾಯಿಯಲ್ಲಿ ಫ್ಲ್ಯಾಟುಗಳಿಗೆ ಬಣ್ಣ ಹೊಡೆದು, ಕೆಮ್ಮು ಹಿಡಿದು ಊರಿಗೆ ಮರಳಿದ್ದ ನಡುವಯಸ್ಸಿನ ಮನುಷ್ಯ. ಅವನನ್ನು ಅವರು ಕರೆಯುತ್ತಿದ್ದದ್ದೇ 'ಬೊಂಬಾಯಿ' ಎಂದು. ಪಶ್ಚಿಮದ ಕೋಣೆಯ ಗೋಡೆಯಲ್ಲಿ ಅವನು ಸುಣ್ಣಕ್ಕೆ ಬೇರೆ ಬೇರೆ ಪುಡಿ ಬೆರೆಸಿ ಕೈಯಗಲದ ಪಟ್ಟಿಗಳನ್ನು ಎಳೆದ. ನಾನು, ನನ್ನ ಹೆಂಡತಿ ಬೇಲಿ ದಾಟಿ ನೋಡಲು ಹೋಗಿದ್ದೆವು.

"ಹ್ವಾಯ್ ಅಮ್ಮ, ಬೊಂಬಾಯಂಗೆ ಈಗ್ಳ್ ಸೇಟ್ ಜನ ಎಲ್ಲ ಪಿಸ್ತಾ ಅಂದೇಳಿ ಈ ಹಸ್ರ್ ಹೊಡ್ಸ್ತ್ರ್. ಏಕ್‍ದಂ ತಂಪ್."

"ತಂಪೇ. ಹೆಣದ ಹಾಂಗೆ ತಂಪ್. ನೀನೇ ಅದ್ರೆದುರ್ ನಿಂತ್ಕೋ ಕಾಂಬ."

ಅವನು ನಿಂತ.

"ಕಾಣಿ ಪೇಪರಿನವ್ರೆ, ಬೊಜ್ಜದ ಮನಿಂದ ಬಂದವ್ನ ಹಾಂಗೆ ಕಾಂತಿಲ್ಲ್ಯಾ?"

ಬೊಜ್ಜ ಎಂದರೆ ನಮ್ಮ ಕಡೆ ಸತ್ತವರ ಉತ್ತರಕ್ರಿಯೆ. ಬೊಂಬಾಯಿ ನಗುತ್ತಾ ಪಕ್ಕದ ಪಟ್ಟಿಗೆ ಸರಿದ. ಅದು ಹಳದಿ. ಅವರು ತಲೆಯಾಡಿಸಿದರು. ಹಳದಿ ಗೋಡೆಯ ಕೋಣೆಯಲ್ಲಿ ಮಗುವಿಗೆ ಕಾಮಾಲೆ ಬಂದರೆ ಗೊತ್ತಾಗುವುದಿಲ್ಲ. ನೀಲಿಯೂ ಬೇಡ. ಹುಟ್ಟುವಾಗ ಉಸಿರು ಕಟ್ಟಿ ನೀಲಿಗಟ್ಟಿದ ಮಗು ನೀಲಿ ಗೋಡೆಯೆದುರು ಕಣ್ಣಿಗೆ ಬೀಳಲು ತಡವಾಗುತ್ತದೆ. ಇದನ್ನೆಲ್ಲ ಅವರು ತರಬೇತಿಯಲ್ಲಿ ಕಲಿತಿದ್ದರೋ, ಹಳ್ಳಿಯ ಕೋಣೆಗಳಲ್ಲಿ ಕಂಡಿದ್ದರೋ ತಿಳಿಯದು. ಹೇಳಿದ್ದು ಮಾತ್ರ ಅಕ್ಕಿಯಿಂದ ಕಲ್ಲು ಹೆಕ್ಕಿ ಎಸೆಯುವಷ್ಟು ಸಲೀಸಾಗಿ.

"ಹಾಂಗಾರೆ ಬೆಳಿಯೇ ಆಯ್ತಲ್ದಾ?" ಎಂದ ಬೊಂಬಾಯಿ.

"ಗಂಡ ಹೋದ್ ಮೇಲೆ ಬೆಳಿ ಸೀರಿ. ಕೆಲ್ಸಕ್ಕ್ ಸೇರಿದ್ ಮೇಲೂ ಬೆಳಿ ಸೀರಿ. ಗ್ವಾಡಿಗೂ ಉಡ್ಸ್ಕಾ?"

ಬೊಂಬಾಯಿ ಬಿಳಿ ಸುಣ್ಣದ ಡಬ್ಬವನ್ನು ಮೂಲೆಗೆ ಸರಿಸಿದ.

ಕೊನೆಗೆ ಬಣ್ಣ ಸಿಕ್ಕಿದ್ದು ಅಂಗಡಿಯ ಪುಡಿಯಲ್ಲಿ ಅಲ್ಲ. ದಿಬ್ಬವನ್ನು ಕಡಿದಲ್ಲಿ ನುಣುಪಾದ ಕೆಮ್ಮಣ್ಣಿನ ಪದರವಿತ್ತು. ಅದನ್ನು ನೀರಿನಲ್ಲಿ ಕದಡಿ, ಹಳೆಯ ಬಿಳಿ ಸೀರೆಯ ತುಂಡಿನಲ್ಲಿ ಸೋಸಿ, ಸುಣ್ಣದ ನೀರಿಗೆ ಬೆರೆಸಿದರು. ಒಣಗಿದಾಗ ಸುಣ್ಣದ ಬಣ್ಣ ತೆಳುವಾಗುತ್ತದೆ. ಆದ್ದರಿಂದ ಪಟ್ಟಿ ಎಳೆದು, ಒಣಗಲು ಬಿಟ್ಟು, ನೋಡಿ, ಮತ್ತೆ ಸುಣ್ಣ ಹೆಚ್ಚಿಸಿ, ಮತ್ತೆ ಕಾದು, ಇದೇ ಕೆಲಸವಾಯಿತು. ಬೊಂಬಾಯಿಗೆ ತಾಳ್ಮೆ ತಪ್ಪಿತು. "ಅಮ್ಮ, ಹೆರಿಗಿ ಸಹ ಇಷ್ಟ್ ಹೊತ್ತ್ ತಕಂತಿಲ್ಲೆ" ಎಂದ. ಅವರು ನಕ್ಕರು. ಒಂದು ಪಟ್ಟಿ ಒಣಗಿ, ಕುಚ್ಚಲಕ್ಕಿ ಗಂಜಿಯ ಮೇಲೆ ನಿಲ್ಲುವ ತಿಳಿಯ ಬಣ್ಣಕ್ಕೆ ಬಂತು. ಬಿಳಿಯೂ ಅಲ್ಲದ, ಕೆಂಪೂ ಅಲ್ಲದ, ತುಸು ಬೆಚ್ಚಗಿನ ಬಣ್ಣ. ಅವರು ನನ್ನ ಹೆಂಡತಿಯ ತೋಳು ಹಿಡಿದು ಅದರೆದುರು ನಿಲ್ಲಿಸಿದರು. ಸಂಜೆಯ ಬಿಸಿಲು ಕಿಟಕಿಯಿಂದ ಗೋಡೆಗೆ ಬಿದ್ದು, ಗೋಡೆಯಿಂದ ಅವಳ ಮುಖಕ್ಕೆ ಬಂತು.

"ಹೋ, ಮದಿಮಗ್ಳಾಯ್ಳ್!" ಎಂದರು ನರ್ಸಮ್ಮ.

ನಿಜಕ್ಕೂ ಅವಳ ಮುಖ ತುಂಬಿಕೊಂಡಂತೆ ಕಂಡಿತು. ಬೊಂಬಾಯಿ ನಿಂತ. ಅವನ ಗುಳಿಬಿದ್ದ ಕೆನ್ನೆಗೂ ಜೀವ ಬಂತು. ನಾನೂ ನಿಂತೆ. ಎಲ್ಲರೂ ಆರೋಗ್ಯವಂತರಾಗಿ ಕಂಡೆವು.

"ಇದೇ ಆಯ್ಕ್. ಸಾವ್ ಕಂಡ್ ಕಂಡ್ ಸಾಕಾಯ್ತ್ ನಂಗೆ. ಒಂದ್ ಕ್ವಾಣ್ಯಂಗಾರೂ ಜನ ಚಂದ ಕಾಣ್ಲಿ."

ಕೆಟ್ಟ ಬಣ್ಣಗಳನ್ನು ಅಷ್ಟು ಸರಿಯಾಗಿ ಹೆಕ್ಕಿ ತೆಗೆದವರು ಇದರಲ್ಲಿ ಯಾವ ಕೆಡುಕನ್ನೂ ಕಾಣಲಿಲ್ಲ. ನಾವೂ ಕಾಣಲಿಲ್ಲ. ಹೆರಿಗೆ ಕೋಣೆಗೂ ಅವರ ಕೋಣೆಗೂ ಅದೇ ಬಣ್ಣವಾಯಿತು.

ಮನೆ ಒಕ್ಕಲಿನ, ಅಂದರೆ ಗೃಹಪ್ರವೇಶದ ದಿನ ಗುಲ್ವಾಡಿಯ ಅಣ್ಣ ಬಂದರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಊಟ ಮಾಡಲಿಲ್ಲ. ಎಳನೀರನ್ನು ಮಾತ್ರ, ತಾನೇ ಕೆತ್ತಿಸಿಕೊಂಡು ಕುಡಿದರು. ಆದರೆ ಒಳಗೆ ಬಂದರು. ಪಶ್ಚಿಮದ ಕೋಣೆಯಲ್ಲಿ ನಿಂತು ಗೋಡೆಯನ್ನು ಸುತ್ತ ನೋಡಿ, "ಚಂದ ಇತ್ತ್. ಮನಿ ಹಾಂಗೇ ಇತ್ತ್" ಎಂದರು. ಅವರು ಹೋದ ಮೇಲೆ ನರ್ಸಮ್ಮ ಆ ಎರಡು ಮಾತನ್ನು ನಮ್ಮ ಮನೆಗೆ ಬಂದು ಹೇಳಿ ಹೋದರು. ನಾನು ಅಲ್ಲಿಯೇ ಇದ್ದೆ, ಕೇಳಿದ್ದೆ ಎಂಬುದು ಅವರಿಗೆ ನೆನಪಿರಲಿಲ್ಲ.

ಮಾರನೆಯ ವರ್ಷ ಅಣ್ಣನ ಮಗಳು ಬಂದಳು. ಜೊತೆಗೆ ಅವಳ ತಾಯಿ, ಅಂದರೆ ನರ್ಸಮ್ಮನ ಅತ್ತಿಗೆ. ಹುಡುಗಿ ನಗುಮುಖದವಳು. ಬಂದ ಕೂಡಲೇ ತಾನಾಗಿ ಮುಖ ಮೇಲೆತ್ತಿ ಕಣ್ಣು ಅಗಲಿಸಿ ನಿಂತಳು. "ಕಾಣಿ ಅತ್ತೆ, ಹರಿವೆ ಸೊಪ್ಪ್ ತಿಂದೇ ಬಂದದ್ದ್" ಎಂದಳು. ಅತ್ತಿಗೆ ಮಾತ್ರ ಒಂದು ಷರತ್ತು ಹಾಕಿದರು.

"ನೀವ್ ಬೇರೆಯವ್ರ ಮನಿ ಹೆರಿಗಿಗ್ ಹೋಪುದ್ ಬ್ಯಾಡ ಅಂಬುದಿಲ್ಲೆ. ಹೋಯ್ ಬಂದ್ರೆ ತಲಿಗೆ ಮಿಂದ್ಕಂಡೇ ನಮ್ಮ ಹುಡ್ಗಿ ಮುಟ್ಟಿ. ಅವ್ರಿಗೆ ಗೊತ್ತಾರೆ ಮತ್ತ್ ಕಳ್ಸುದಿಲ್ಲೆ."

ಅವ್ರು ಎಂದರೆ ತನ್ನ ಗಂಡ, ನರ್ಸಮ್ಮನ ಅಣ್ಣ. ಕೈ ತೊಳೆಯುವುದು ನರ್ಸಮ್ಮನಿಗೆ ವ್ರತವಿದ್ದ ಹಾಗೆ. ತಲೆಗೆ ಮೀಯುವುದು ಅವರ ಪದ್ಧತಿಯಲ್ಲಿ ಇರಲಿಲ್ಲ. ಆದರೂ ಒಪ್ಪಿದರು. ಅಂಗಳದ ತುದಿಯಲ್ಲಿ ಉಂಡು ಬಂದವರಿಗೆ ಮನೆಯೊಳಗೆ ಅತ್ತಿಗೆ ಬಂದು ಕೂತದ್ದೇ ದೊಡ್ಡದು.

ಇನ್ನು ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ.

ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣುಮಗು. ಅಳು ನಮ್ಮ ಮನೆಗೆ ಕೇಳಿತು. ನರ್ಸಮ್ಮ ಜಗಲಿಗೆ ಬಂದು ಬೇಲಿಯಾಚೆಯಿಂದ, "ಹ್ವಾಯ್! ನಮ್ಮನಿಗ್ ಹೆಣ್ಣ್ ಬಂತ್!" ಎಂದು ಕೂಗಿದರು. 'ನಮ್ಮ ಮನೆ' ಎಂದು ಅವರ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು. ಮಧ್ಯಾಹ್ನದವರೆಗೆ ಅವರು ಬಾಣಂತಿಯ ಪಕ್ಕದಿಂದ ಏಳಲಿಲ್ಲ. ಆಮೇಲೆ ಗದ್ದೆಯಾಚೆಯ ಒಂದು ಮನೆಯಿಂದ ಕರೆ ಬಂತು. ಮಗು ಅಡ್ಡ ನಿಂತಿದೆ ಎಂದರು. ಹೋಗಲೇಬೇಕಿತ್ತು. ಹೋಗುವ ಮೊದಲು ಬಾಣಂತಿಯ ಕಣ್ಣು ನೋಡಿ, ಹೊಟ್ಟೆ ಮುಟ್ಟಿ, ಕಂಬಳಿ ಹೊದಿಸಿ ಹೋದರು.

ಸಂಜೆ ನಾನು ಅವರ ಜಗಲಿಯಲ್ಲಿ ಕೂತಿದ್ದೆ. ಅತ್ತಿಗೆ ಬಾಗಿಲ ಬಳಿ ಕೂತು ಬತ್ತಿ ಹೊಸೆಯುತ್ತಿದ್ದರು. ಎರಡು ಸಲ ಎದ್ದು ಒಳಗೆ ಇಣುಕಿ, "ಲಾಯ್ಕ್ ನಿದ್ರಿ ಬಂದಿತ್" ಎಂದು ತಮಗೆ ತಾವೇ ಹೇಳಿಕೊಂಡರು. ನರ್ಸಮ್ಮ ಗದ್ದೆಯ ಬದುವಿನಲ್ಲಿ ಬಂದರು. ಸೀರೆಗೆ ಇನ್ನೊಂದು ಮನೆಯ ರಕ್ತ ತಾಗಿತ್ತು. ಮೆಟ್ಟಿಲು ಹತ್ತಿ, ಕೋಣೆಯ ಬಾಗಿಲಲ್ಲಿ ನಿಂತರು. ಹೊಸಿಲು ದಾಟಲಿಲ್ಲ. ಹಿಂದಿನಿಂದ ನನಗೂ ಒಳಗೆ ಕಾಣುತ್ತಿತ್ತು. ಬಿಸಿಲು ಗೋಡೆಯ ಮೇಲಿತ್ತು. ಹುಡುಗಿಯ ಮುಖ ಕೆಂಪುಕೆಂಪಾಗಿ, ಹಬ್ಬದ ದಿನ ಎಣ್ಣೆ ನೀರು ಹಾಕಿಸಿಕೊಂಡು ಮಲಗಿದವರಂತೆ ಇತ್ತು. ಪಕ್ಕದಲ್ಲಿ ಮಗು.

"ಮಿಂದ್ಕಂಡ್ ಬತ್ತೆ" ಎಂದು ಅವರು ಬಚ್ಚಲಿಗೆ ಹೋದರು.

ತಲೆಗೆ ಮಿಂದು, ಸೀರೆ ಬದಲಿಸಿ, ಒದ್ದೆ ಕೂದಲಲ್ಲಿ ಬಂದು ಅವರು ಕೋಣೆಯೊಳಗೆ ಹೋದರು. ಹೆಬ್ಬೆರಳು ರೆಪ್ಪೆಗೆ ಹೋಯಿತು. ಆಮೇಲೆ ಅವರ ಬಾಯಿಂದ ಬಂದ ಸದ್ದು ಮಾತಿನದಲ್ಲ. ಕಂಬಳಿ ಎತ್ತಿದರು. ಕಪ್ಪು ಕಂಬಳಿ ಮೇಲಿಂದ ಏನನ್ನೂ ಹೇಳಿರಲಿಲ್ಲ. ಚಾಪೆ, ಚಾಪೆಯ ಕೆಳಗಿನ ನೆಲ, ಎಲ್ಲ ಹೇಳುತ್ತಿತ್ತು. ಅವರು ಎರಡು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದರು. ನಾನು ಪೇಟೆಗೆ ಓಡಿ ಬಾಡಿಗೆ ಕಾರು ತಂದೆ. ಕಾರಿನ ಅಗತ್ಯ ಅಷ್ಟರಲ್ಲಿ ಮುಗಿದಿತ್ತು.

ಬ್ರಹ್ಮಾವರದಿಂದ ಡಾಕ್ಟರು ಬಂದರು. ಗರ್ಭಕೋಶ ಸಡಿಲವಾಗಿ ಹೀಗೆ ರಕ್ತ ಹೋಗುವುದುಂಟು, ಯಾರ ಕೈಯಲ್ಲಿಯೂ ಆಗಬಹುದು ಎಂದರು. ಒಳ್ಳೆಯವರು, ಸಮಾಧಾನಕ್ಕೆ ಹೇಳಿದ್ದಿರಬಹುದು. ನರ್ಸಮ್ಮ ಗೋಡೆಯನ್ನೇ ನೋಡುತ್ತಿದ್ದರು.

"ಗ್ವಾಡಿ ಅವ್ಳನ್ನ ಚಂದ ತೋರ್ಸ್ತ್, ಡಾಕ್ಟ್ರೆ. ನಾನ್ ನಂಬ್ದೆ."

"ಗೋಡೆಗೂ ಇದಕ್ಕೂ ಏನಮ್ಮ ಸಂಬಂಧ?" ಎಂದರು ಡಾಕ್ಟರು.

ಸಂಬಂಧ ಎಷ್ಟೆಂದು ನಾನು ಇವತ್ತಿಗೂ ಹೇಳಲಾರೆ. ಬೇರೆ ಬಣ್ಣದ ಗೋಡೆಯಿದ್ದರೆ ಬಾಗಿಲಿಂದಲೇ ಗೊತ್ತಾಗುತ್ತಿತ್ತೇ? ಮೀಯುವ ಷರತ್ತು ಇಲ್ಲದಿದ್ದರೆ ಅವರು ನೇರ ಒಳಗೆ ಹೋಗಿ ಮುಟ್ಟುತ್ತಿದ್ದರೇ? ಅಷ್ಟು ಹೊತ್ತಿಗೆ ಮುಟ್ಟಿದ್ದರೂ ಉಳಿಯುತ್ತಿದ್ದಳೇ? ಬಾಗಿಲಲ್ಲಿ ಮೂವರು ನೋಡಿದ್ದೆವು, ಮೂವರಿಗೂ ಅವಳು ಚೆನ್ನಾಗಿಯೇ ಕಂಡಿದ್ದಳು. ಗೊತ್ತಿರುವುದು ಇಷ್ಟು.

ಗುಲ್ವಾಡಿಯಿಂದ ಅಣ್ಣ ಬಂದು ಜಗಲಿಯ ಕೆಳಗೆ, ಅಂಗಳದಲ್ಲಿ ನಿಂತರು. ಅತ್ತಿಗೆ ಅಳುತ್ತಾ ಏನೋ ಹೇಳಲು ಹೋದರೆ ಕೈಸನ್ನೆಯಲ್ಲಿ ತಡೆದರು. ಕ್ರಿಯೆಗಳು ಮುಗಿದ ಮೇಲೆ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅತ್ತಿಗೆ ಬಸ್ಸು ಹತ್ತಿದರು. ನರ್ಸಮ್ಮ ಬಸ್ಸಿನ ಕಿಟಕಿಯಿಂದ ಕೈ ಹಾಕಿ ಮಗುವಿನ ರೆಪ್ಪೆ ಎಳೆದು ನೋಡಿದರು. ಮುಂದಿನ ಶ್ರಾದ್ಧಕ್ಕೆ ಕರೆ ಬರಲಿಲ್ಲ. ಅಂಗಳದ ತುದಿಯ ಎಲೆಯೂ ಹೋಯಿತು.

ಊರಿನ ಬಾಯಿಗೆ ಬೇರೆಯದೇ ಕಾರಣ ಸಿಕ್ಕಿತು. ಕೆಂಪು ಮಣ್ಣು ಬಳಿದ ಕೋಣೆ ರಕ್ತ ಕೇಳುತ್ತದೆ ಎಂದರು. ಬಸ್ಸಿನಲ್ಲಿ ಒಬ್ಬಳು ಇನ್ನೊಬ್ಬಳಿಗೆ, "ಆ ಕ್ವಾಣಿಗ್ ಹೋಪುಕಿಂತ ದನದ್ ಹಟ್ಟ್ಯಂಗೆ ಹೆರುದ್ ಒಳ್ಳೇದ್" ಎನ್ನುವುದನ್ನು ನರ್ಸಮ್ಮ ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಂಡರು. ಇಳಿಯುವಾಗ ಆಡಿದವಳ ಕಣ್ಣು ನೋಡಿ, "ನಿಂಗೂ ರಕ್ತ ಕಮ್ಮಿ ಇತ್ತ್" ಎಂದು ಹೇಳಿ ಇಳಿದರಂತೆ.

ಬೊಂಬಾಯಿಯನ್ನು ಕರೆಸಿದರು. ಹೆರಿಗೆ ಕೋಣೆಗೆ ಬಿಳಿ ಸುಣ್ಣ.

"ಒಂದ್ ಚೂರ್ ನೀಲಿ ಹಾಕ್ತೆ ಅಮ್ಮ, ಹೊಳಿತ್ತ್."

"ಬ್ಯಾಡ. ಹೊಳುದ್ ಬ್ಯಾಡ. ಸುಣ್ಣ ಹ್ಯಾಂಗಿತ್ತೋ ಹಾಂಗೆ."

ಅವನು ಒಂದರ ಮೇಲೊಂದು ಬಳಿದ. ಕೆಮ್ಮಣ್ಣು ಸುಲಭದಲ್ಲಿ ಅಡಗುವ ಬಣ್ಣವಲ್ಲ. ಒಣಗಿದ ಮೇಲೆ ಮತ್ತೆ ಒಳಗಿನಿಂದ ಇಣುಕುತ್ತಿತ್ತು. ಪ್ರತಿ ಸಲವೂ ಅವರು ಕಿಟಕಿಯ ಬಳಿ ನಿಂತು ತಮ್ಮ ಅಂಗೈಯನ್ನು ಗೋಡೆಗೆ ಹಿಡಿದು ನೋಡಿ, "ಇನ್ನೂ ಇತ್ತ್" ಎನ್ನುತ್ತಿದ್ದರು. ಕೊನೆಗೆ ಇಲ್ಲವಾಯಿತು. ಅವನು ಡಬ್ಬ ಎತ್ತಿಕೊಂಡು ಅವರ ಕೋಣೆಗೆ ಹೋಗಹೊರಟಾಗ ತಡೆದರು.

"ಅಲ್ಲಿಗ್ ಎಂತಕೆ?"

"ಅದೂ ಕೆಂಪೇ ಅಲ್ದಾ ಅಮ್ಮ?"

"ಇರ್ಲಿ. ನನ್ನ ಮ್ವಾರಿ ಕಾಂಬುಕೆ ಯಾರ್ ಬತ್ರ್?"

ನನ್ನ ಹೆಂಡತಿ ಆ ಬಿಳಿ ಕೋಣೆಯಲ್ಲಿ ಹೆತ್ತಳು. ನನ್ನ ತಾಯಿ ಬೇಡವೆಂದಿದ್ದರು. ಹೆಂಡತಿಯೇ ಹಟ ಹಿಡಿದಳು. ಆದರೆ ಒಳಗೆ ಹೋದ ಮೇಲೆ ಅವಳಿಗೂ ಭಯವಾಯಿತು. "ನರ್ಸಮ್ಮ, ಎಂತ ಇದ್, ಹೆಣದ ಬಟ್ಟಿ ಹಾಂಗೆ ಬೆಳಿ! ಮುಂಚಿನ್ ಬಣ್ಣ ಎಷ್ಟ್ ಚಂದ ಇತ್ತ್" ಎಂದಳು.

"ಚಂದ ಬೇಕಾರೆ ನಿನ್ನ ಮನಿಗ್ ಬಳ್ಸ್ಕೋ. ಇಲ್ಲಿ ನಂಗೆ ನಿನ್ನ ಬಣ್ಣ ಕಾಣ್ಕ್."

ಮಗ ಹುಟ್ಟಿದ. ಅವರು ಒಂದು ಮಣೆ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತರು. ಊಟಕ್ಕೆ ಏಳಲಿಲ್ಲ. ಮಧ್ಯಾಹ್ನ ಯಾರೋ ಕರೆಯಲು ಬಂದರೆ, ಕೇಂದ್ರದ ಇನ್ನೊಬ್ಬ ನರ್ಸನ್ನು ಕರೆದುಕೊಂಡು ಹೋಗಿ ಎಂದು ಕಳಿಸಿದರು. ಹೊತ್ತು ಇಳಿಯುವಾಗ ಜಗಲಿಯಲ್ಲಿದ್ದ ನನಗೆ ಮಣೆ ಸರಿದ ಸದ್ದು ಕೇಳಿತು. ತಿರುಗಿ ನೋಡಿದೆ. ಹೆಬ್ಬೆರಳು ರೆಪ್ಪೆಯ ಮೇಲಿತ್ತು. ಮರುಕ್ಷಣ ಎರಡೂ ಕೈ ಹೊಟ್ಟೆಯ ಮೇಲೆ.

"ಹ್ವಾಯ್, ಕಾರ್! ಓಡಿ!"

ಅದೇ ದಾರಿಯಲ್ಲಿ ಎರಡನೆಯ ಸಲ ಓಡಿದೆ. ಉಡುಪಿಯ ಆಸ್ಪತ್ರೆ ಮುಟ್ಟುವ ತನಕ ಅವರು ಕಾರಿನ ಹಿಂದಿನ ಸೀಟಿನ ಬುಡದಲ್ಲಿ ಮೊಣಕಾಲೂರಿ, ಹೊಟ್ಟೆಯ ಮೇಲಿನ ಕೈಯನ್ನು ತೆಗೆಯಲಿಲ್ಲ. ಪ್ರತಿ ತಿರುವಿನಲ್ಲಿ ಅವರ ತಲೆ ಬಾಗಿಲಿಗೆ ಬಡಿಯುತ್ತಿತ್ತು. ಮುಂದಿನ ಸೀಟಿನಲ್ಲಿ ಮಗುವನ್ನು ಹಿಡಿದು ಕೂತಿದ್ದ ನನಗೆ ಅವರು ಗೊಣಗುತ್ತಿದ್ದದ್ದು ಕೇಳುತ್ತಿತ್ತು. ದೇವರ ಹೆಸರಲ್ಲ. "ಮಲ್ಗ್‌ಬೇಡ ಹೆಣೆ, ಕಣ್ಣ್ ಬಿಡ್, ನನ್ನ ಕಾಣ್, ಬೈ ನನ್ನ, ಬೆಳಿ ಗ್ವಾಡಿ ಅಂದೇಳಿ ಬೈ."

ಹೆಂಡತಿ ಉಳಿದಳು. ಸ್ವಲ್ಪ ತಡವಾಗಿದ್ದರೂ ಉಳಿಯುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರು. ಬಿಳಿ ಗೋಡೆ ಉಳಿಸಿತು ಎಂದು ನಾನು ಬರೆಯಲಾರೆ. ಪಕ್ಕದಲ್ಲಿ ಕೂತವರು ಉಳಿಸಿದರು, ಅದನ್ನು ಕಂಡಿದ್ದೇನೆ. ಆಸ್ಪತ್ರೆಯ ನಲ್ಲಿಯಲ್ಲಿ ಅವರು ಮೊಣಕೈಯವರೆಗೆ ತೊಳೆದುಕೊಳ್ಳುತ್ತಿದ್ದಾಗ ನಾನು ಹತ್ತಿರ ಹೋದೆ. ಅವರು ಕೈ ನೋಡಿಕೊಳ್ಳುತ್ತಾ, "ಅವ್ಳಿಗೂ ಹೀಂಗೇ ಕೂತಿದ್ರೆ ಆತಿತ್" ಎಂದರು. ನಾನು ಹಿಂದೆ ಬಂದೆ.

ನಿಧಾನವಾಗಿ ಹೆಂಗಸರು ಮತ್ತೆ ಬರತೊಡಗಿದರು. ಅವರೂ ಹೆರಿಗೆ ಮಾಡಿಸಿದರು. ಮೊದಲಿನ ತಮಾಷೆಗಳೂ ಆಗೀಗ ಬಂದವು. ಆದರೆ ಗುಲ್ವಾಡಿ ಕಡೆಯವರು ಯಾರಾದರೂ ಬಸ್ಸಿನಲ್ಲಿ ಸಿಕ್ಕರೆ ಮಾತ್ರ ಸ್ವರ ತಗ್ಗಿಸಿ, ಪೂಜೆಯವರ ಮನೆಯ ಮೊಮ್ಮಗಳನ್ನು ಕಂಡಿರಾ ಎಂದು ಕೇಳುತ್ತಿದ್ದರು. ಕಂಡೆವು ಎಂದರೆ ಮುಂದಿನ ಪ್ರಶ್ನೆ ಒಂದೇ. "ಕಣ್ಣ್ ಹ್ಯಾಂಗಿತ್?" ಬಸ್ಸಿನಲ್ಲಿ ಬಂದವರು ಮಗುವಿನ ಕಣ್ಣಿನೊಳಗನ್ನು ನೋಡಿರುವುದುಂಟೆ? ಆದರೂ ಎಲ್ಲರೂ ಕೆಂಪಗಿತ್ತು ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಆರಂಭದಲ್ಲಿ ಅವರು ನಿವೃತ್ತರಾದರು. ಕಾಲು ಊದುತ್ತಿತ್ತು, ಏದುಸಿರು ಬರುತ್ತಿತ್ತು. ನನ್ನ ಹೆಂಡತಿ ಒಮ್ಮೆ ಅವರ ಕಣ್ಣು ನೋಡಲು ಕೈ ಚಾಚಿದರೆ, "ನಿಂಗೆಂತ ಗೊತ್ತಾತ್ತ್?" ಎಂದು ಕೈ ತಟ್ಟಿಬಿಟ್ಟರು. ಆಮೇಲೆ ತಾವೇ ಅವಳ ಹೆಬ್ಬೆರಳನ್ನು ಹಿಡಿದು, ಎಲ್ಲಿ ಇಡಬೇಕು, ಎಷ್ಟು ಎಳೆಯಬೇಕು ಎಂದು ನನ್ನ ಮಗನ ಕಣ್ಣಿನಲ್ಲಿ ತೋರಿಸಿಕೊಟ್ಟರು.

ಅವರ ಮನೆಗೆ ನೀರು ಸೇದಿ ಕೊಡಲು ಒಬ್ಬಳು ಹೆಂಗಸು ಬರುತ್ತಿದ್ದಳು. ಒಂದು ಬೆಳಿಗ್ಗೆ ಬಂದು ನೀರು ತುಂಬಿಸಿ, ಅಂಗಳ ಗುಡಿಸಿ, ಮನೆಗೆ ಹೋದಳು. ಹೊತ್ತೇರಿದ ಮೇಲೆ ಮತ್ತೆ ಬಂದಳು. ಮುಟ್ಟಿ ಎಬ್ಬಿಸಹೋದವಳು ಬೇಲಿಯ ಬಳಿ ಓಡಿ ಬಂದು ನಮ್ಮನ್ನು ಕರೆದಳು. ನಾವು ಹೋದಾಗ ಅವಳು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು.

"ಬೆಳಿಗ್ಗೆಯೇ ಬಾಗ್ಲಂಗೆ ನಿಂತ್ ಕಂಡೆ ಅಮ್ಮ. ಲಾಯ್ಕ್ ನಿದ್ರಿ ಮಾಡ್ತಿದ್ರ್. ಮ್ವಾರಿ ಕೆಂಪ್ ಕೆಂಪ್ ಇದ್ದಿತ್. ಎಂತಕೆ ಏಳ್ಸುದ್ ಅಂದೇಳಿ ಹೋದೆ."

ನಾವು ಬಾಗಿಲಲ್ಲಿ ನಿಂತೆವು. ಪೂರ್ವದ ಕಿಟಕಿಯ ಬಿಸಿಲು ಗಂಜಿತಿಳಿ ಬಣ್ಣದ ಗೋಡೆಯ ಮೇಲಿತ್ತು. ಅವರ ಮುಖ ಅವಳು ಹೇಳಿದ ಹಾಗೆಯೇ ಇತ್ತು. ಯಾರು ನೋಡಿದರೂ ಎಬ್ಬಿಸುತ್ತಿರಲಿಲ್ಲ.

ಹೆಂಡತಿ ಒಳಗೆ ಹೋಗಿ ನೆಲದ ಮೇಲೆ ಕೂತಳು. ಬಲಗೈಯ ಹೆಬ್ಬೆರಳನ್ನು, ಅವರು ಕಲಿಸಿಕೊಟ್ಟ ಹಾಗೆ, ರೆಪ್ಪೆಯ ಮೇಲಿಟ್ಟು ಕೆಳಗೆ ಎಳೆದಳು. ಬಹಳ ಹೊತ್ತು ನೋಡಿದಳು. ರೆಪ್ಪೆಯನ್ನು ಮೊದಲಿದ್ದಂತೆ ಬಿಟ್ಟು, ನನ್ನ ಕಡೆ ತಿರುಗದೆ ಹೇಳಿದಳು:

"ಇಲ್ಲಿ ಬ್ಯಾಡ. ಹೊರ್ಗ್ ಬೆಳ್ಕಿಗ್ ತಕಂಡ್ ಹ್ವಾಪ."

ಗುಲ್ವಾಡಿಗೆ ಸುದ್ದಿ ಮುಟ್ಟಿಸಲು ಜನ ಹೋಗಿತ್ತು. ಅಣ್ಣ ಬರುವುದರೊಳಗೆ ನಾವು ಅವರನ್ನು ಚಾಪೆಯ ಸಮೇತ ಎತ್ತಿ ಜಗಲಿಗೆ ತಂದು ಮಲಗಿಸಿದೆವು. ಅಲ್ಲಿ ಅವರ ಬಣ್ಣ ಕಂಡಿತು.